ಎದ್ದು ನಿಂತು ಮಾತಾಡುವುದು ಹೇಗೆ: ಭಾಷಣಕ್ಕೂ ಪ್ರೆಸೆಂಟೇಶನ್‌ಗೂ ಒಂದು ಸಮಗ್ರ ಮಾರ್ಗದರ್ಶಿ

ಮುಂದಿನ ವಾರ ಒಂದಷ್ಟು ಜನರೆದುರು ಹತ್ತು ನಿಮಿಷ ಮಾತಾಡಬೇಕಾಗಿದೆ ಅಂದುಕೊಳ್ಳಿ. ಹೆಚ್ಚಿನವರು ಮಾಡುವುದು ಒಂದೇ ರೀತಿ. ಎರಡು ಮೂರು ದಿನ ಅದರ ನೆನಪೇ ಬೇಡ ಎಂದು ಮುಂದೂಡುತ್ತಾರೆ. ಆಮೇಲೆ ಲ್ಯಾಪ್‌ಟಾಪ್ ತೆರೆದು ನೇರವಾಗಿ ಸ್ಲೈಡ್ ಮಾಡಲು ಕೂರುತ್ತಾರೆ. ಹಿಂದಿನ ರಾತ್ರಿ ಅವನ್ನು ಎರಡು ಸಲ ಕಣ್ಣಲ್ಲೇ ಓದಿಕೊಂಡು, ಎಲ್ಲ ಸಿದ್ಧವಾಯಿತು ಎಂದು ಮಲಗುತ್ತಾರೆ. ಮರುದಿನ ಸಭೆಯ ಮುಂದೆ ನಿಂತಾಗಲೇ ಆ ವಾಕ್ಯಗಳು ಮೊಟ್ಟಮೊದಲ ಸಲ ಬಾಯಿಂದ ಹೊರಡುವುದು. ನಾಲಿಗೆ ತೊಡರುವುದೂ ಅಲ್ಲೇ.

ನಾನೂ ಬಹಳ ವರ್ಷ ಹೀಗೇ ಮಾಡಿದವನು. ಎದ್ದು ನಿಂತು, ದನಿ ಎತ್ತಿ, ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಲು ಶುರುಮಾಡಿದ ಮೇಲೆಯೇ ನನ್ನ ಮಾತು ಒಂದು ಹದಕ್ಕೆ ಬಂದದ್ದು. ಕೆಳಗಿನ ಹಂತಗಳೆಲ್ಲ ಆ ಅಭ್ಯಾಸದ ಸುತ್ತಲೇ ಇವೆ. ಸಮಯ ತೀರಾ ಕಡಿಮೆಯಿದ್ದರೆ ಬೇರೆ ಏನನ್ನಾದರೂ ಬಿಡಿ, ನಾಲ್ಕನೇ ಹಂತವನ್ನು ಮಾತ್ರ ಬಿಡಬೇಡಿ.

ಉದಾಹರಣೆಗೆ ಒಂದೇ ಸಂದರ್ಭ ಇಟ್ಟುಕೊಳ್ಳೋಣ. ಕಾಲೇಜಿನ ಗ್ರಂಥಾಲಯ ರಾತ್ರಿ 8ಕ್ಕೆ ಮುಚ್ಚುತ್ತದೆ. ಪರೀಕ್ಷೆಯ ತಿಂಗಳಲ್ಲಿ ಅದನ್ನು 10ರವರೆಗೆ ತೆರೆದಿಡಿ ಎಂದು ಒಬ್ಬ ವಿದ್ಯಾರ್ಥಿನಿ ಆಡಳಿತ ಸಮಿತಿಯನ್ನು ಕೇಳಬೇಕಾಗಿದೆ. ಅವಳಿಗೆ ಸಿಕ್ಕಿರುವುದು ಹತ್ತು ನಿಮಿಷ.

ಮೊದಲು, ಭಯದ ಮಾತು

ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಇವೆಲ್ಲ ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ಎದುರಿಗೆ ದೊಡ್ಡದೇನೋ ಇದೆ ಎಂದು ದೇಹ ಸಜ್ಜಾಗುತ್ತಿದೆ, ಅಷ್ಟೇ. ಇದರಿಂದ ನೀವು ಮಾತಿಗೆ ಲಾಯಕ್ಕಲ್ಲ ಎಂದೇನೂ ಆಗುವುದಿಲ್ಲ. ಲಂಡನ್ನಿನಲ್ಲಿ ಓದುತ್ತಿದ್ದ ಕಾಲದಲ್ಲಿ ಗಾಂಧೀಜಿಯವರು ಸಸ್ಯಾಹಾರಿ ಸಂಘದ ಸಭೆಯಲ್ಲಿ ತಾವೇ ಬರೆದು ತಂದದ್ದನ್ನೂ ಓದಲಾಗದೆ ಬೇರೆಯವರಿಂದ ಓದಿಸಬೇಕಾಯಿತು. ಮುಂದೆ ಬಾಂಬೆಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ಸುತ್ತಿ, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಟ್ಟರು.

ಭಯದ ಬಗ್ಗೆ ಗೊತ್ತಿರಬೇಕಾದ ಎರಡು ಸಂಗತಿಗಳಿವೆ. ಒಂದು, ನಿಮ್ಮ ನಡುಕ ನಿಮಗೆ ಅನ್ನಿಸಿದಷ್ಟು ಹೊರಗೆ ಕಾಣುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸತ್ಯವನ್ನು ಮೊದಲೇ ತಿಳಿಸಿ ವೇದಿಕೆಗೆ ಕಳಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಇನ್ನೊಂದು, 'ಶಾಂತವಾಗಿರು, ಶಾಂತವಾಗಿರು' ಎಂದು ಮನಸ್ಸಿಗೆ ಹೇಳಿಕೊಳ್ಳುವುದು ಅಷ್ಟಾಗಿ ಫಲ ಕೊಡುವುದಿಲ್ಲ. ಆಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ತೋರಿಸಿದ ಹಾಗೆ, 'ನನಗೆ ಹುರುಪು ಬಂದಿದೆ' ಎಂದು ಬಾಯಿಬಿಟ್ಟು ಹೇಳಿಕೊಂಡವರ ಮಾತು ಮೇಲಾಗಿತ್ತು. ಬಡಿಯುತ್ತಿರುವ ಎದೆಯನ್ನು ತಣ್ಣಗಾಗಿಸುವುದು ಕಷ್ಟ, ಆ ಬಡಿತಕ್ಕೆ ಬೇರೆ ಹೆಸರು ಕೊಡುವುದು ಸುಲಭ.

ವೇದಿಕೆ ಹತ್ತುವ ಮುಂಚೆ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಎಳೆದು, ಏಳೆಂಟು ಎಣಿಸುವಷ್ಟು ನಿಧಾನವಾಗಿ ಬಿಡಿ. ಐದು ಸಲ ಸಾಕು. ಒಳಗೆ ಹೋಗುವುದಕ್ಕಿಂತ ಹೊರಗೆ ಬರುವ ಉಸಿರು ಉದ್ದವಾಗಿದ್ದರೆ ನಾಡಿಯ ಓಟ ಇಳಿಯುತ್ತದೆ. ಪೂರ್ತಿ ಭಯ ಹೋಗುವವರೆಗೆ ಕಾಯಬೇಡಿ. ಸಾಮಾನ್ಯವಾಗಿ ಅದು ಹೋಗುವುದು ಮಾತು ಶುರುವಾಗಿ ಒಂದೆರಡು ನಿಮಿಷ ಕಳೆದ ಮೇಲೆ.

ಹಂತ 1: ಒಂದೇ ಒಂದು ವಾಕ್ಯ

ಸ್ಲೈಡ್ ತೆರೆಯಬೇಡಿ. ಒಂದು ಹಾಳೆ ತೆಗೆದುಕೊಂಡು ಹೀಗೆ ಬರೆಯಿರಿ: 'ನನ್ನ ಮಾತು ಮುಗಿದ ಮೇಲೆ ಇವರು ________ ಮಾಡಬೇಕು.' ಆ ಖಾಲಿ ಜಾಗ ತುಂಬಲು ಬಾರದಿದ್ದರೆ ನಿಮ್ಮಲ್ಲಿ ಇನ್ನೂ ವಿಷಯವಷ್ಟೇ ಇದೆ, ಮಾತು ಹುಟ್ಟಿಲ್ಲ. ನಮ್ಮ ವಿದ್ಯಾರ್ಥಿನಿ ಮೊದಲು ಬರೆದದ್ದು 'ಗ್ರಂಥಾಲಯದ ಮಹತ್ವವನ್ನು ತಿಳಿಯಬೇಕು' ಎಂದು. ಸಮಿತಿಯವರಿಗೆ ಅದು ಆಗಲೇ ತಿಳಿದಿದೆ. ಅಳಿಸಿ ಮತ್ತೆ ಬರೆದಳು: 'ಪರೀಕ್ಷೆಯ ತಿಂಗಳು ಗ್ರಂಥಾಲಯವನ್ನು ರಾತ್ರಿ 10ರವರೆಗೆ ತೆರೆದಿಡಲು ಒಪ್ಪಬೇಕು.' ಈಗ ಅವಳಿಗೆ ಏನು ಬೇಕು, ಏನು ಬೇಡ ಎಂದು ಆರಿಸಲು ಒಂದು ಅಳತೆಗೋಲು ಸಿಕ್ಕಿತು.

1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಮಡಿದ ಸೈನಿಕರ ಸ್ಮಶಾನವನ್ನು ಅರ್ಪಿಸುವ ಸಭೆಯಲ್ಲಿ, ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದರು. ಅವರು ಆ ಕಾಲದ ಹೆಸರಾಂತ ವಾಗ್ಮಿ. ಆಮೇಲೆ ಎದ್ದ ಅಧ್ಯಕ್ಷ ಲಿಂಕನ್ ಎರಡು ಮೂರು ನಿಮಿಷದಲ್ಲಿ, ಸುಮಾರು 270 ಪದಗಳಲ್ಲಿ, ಮುಗಿಸಿದರು. ಮರುದಿನ ಎವರೆಟ್ ತಾವೇ ಲಿಂಕನ್ನರಿಗೆ ಪತ್ರ ಬರೆದು, ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳನ್ನು ನಾನು ಎರಡು ಗಂಟೆಯಲ್ಲಿ ಮುಟ್ಟಿದ್ದರೆ ಸಂತೋಷಪಡುತ್ತಿದ್ದೆ ಎಂಬರ್ಥದ ಮಾತು ಹೇಳಿದರು.

ಇದೇ ಹಾಳೆಯ ಹಿಂಬದಿಯಲ್ಲಿ ಕೇಳುಗರ ಬಗ್ಗೆ ಬರೆಯಿರಿ. ಅವರಿಗೆ ಈಗಾಗಲೇ ಏನು ಗೊತ್ತು? ಒಪ್ಪದಿರಲು ಅವರಿಗಿರುವ ಕಾರಣ ಏನು? ನಾವು ಯಾವಾಗಲೂ ತಪ್ಪುವುದು ಮೊದಲ ಪ್ರಶ್ನೆಯಲ್ಲಿ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಒಬ್ಬರು ಮೇಜಿನ ಮೇಲೆ ಬೆರಳಿಂದ ಕುಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಗುರುತು ಹಿಡಿಯುತ್ತಾರೆ ಎಂದು ಕುಟ್ಟಿದವರು ನಂಬಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3ಕ್ಕೆ. ಕುಟ್ಟುವವರ ತಲೆಯಲ್ಲಿ ಹಾಡು ಪೂರ್ತಿ ಮೊಳಗುತ್ತಿರುತ್ತದೆ, ಎದುರಿಗಿದ್ದವರಿಗೆ ಕೇಳಿಸುವುದು ಬರೀ ಟಕ್ ಟಕ್. ನಿಮ್ಮ ಕ್ಷೇತ್ರದ ಪದಗಳು, ಸಂಕ್ಷಿಪ್ತ ಹೆಸರುಗಳು, 'ಅದು ಗೊತ್ತೇ ಇದೆಯಲ್ಲ' ಎಂದು ಹಾರಿಸಿಬಿಡುವ ಮೆಟ್ಟಿಲುಗಳು ಕೇಳುಗರಿಗೆ ಈ ಟಕ್ ಟಕ್ ಇದ್ದ ಹಾಗೆ.

ಹಂತ 2: ಕಟ್ಟುವುದು, ಕಡಿಯುವುದು

ಹತ್ತು ನಿಮಿಷಕ್ಕೆ ಮೂರಕ್ಕಿಂತ ಹೆಚ್ಚು ಅಂಶ ಬೇಡ. ಎರಡಾದರೆ ಇನ್ನೂ ಒಳ್ಳೆಯದು. ಕೊಟ್ಟ ಸಮಯ ಹತ್ತು ನಿಮಿಷವಾದರೆ ಎಂಟು ನಿಮಿಷಕ್ಕೆ ಸಿದ್ಧಮಾಡಿ, ಏಕೆಂದರೆ ಜನರೆದುರು ಮಾತು ಯಾವಾಗಲೂ ಸ್ವಲ್ಪ ಉದ್ದವಾಗುತ್ತದೆ.

ಕೊನೆಯನ್ನು ಮೊದಲು ಬರೆಯಿರಿ. ಯಾವ ವಾಕ್ಯ ಹೇಳಿ ಸುಮ್ಮನಾಗುತ್ತೀರಿ ಎಂಬುದು ಗೊತ್ತಿದ್ದರೆ ದಾರಿ ತಪ್ಪಿದರೂ ಅಲ್ಲಿಗೆ ಬಂದು ಸೇರಬಹುದು. ನಂತರ ಶುರು. 'ನನಗೆ ಈ ಅವಕಾಶ ಕೊಟ್ಟ ಎಲ್ಲರಿಗೂ' ಎಂದು ಒಂದು ನಿಮಿಷ, 'ನಾನೇನು ದೊಡ್ಡ ಮಾತುಗಾರಳಲ್ಲ' ಎಂದು ಅರ್ಧ ನಿಮಿಷ ಹೋದರೆ ಕೇಳುಗರ ಗಮನ ಅತಿ ಹೆಚ್ಚಾಗಿರುವ ಗಳಿಗೆ ಹಾಳಾಯಿತು. ನಮ್ಮ ವಿದ್ಯಾರ್ಥಿನಿ ಹೀಗೆ ಶುರುಮಾಡಬಹುದು:

'ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಎಂಟು ಗಂಟೆ ಐದು ನಿಮಿಷಕ್ಕೆ ಗ್ರಂಥಾಲಯದ ಹೊರಗಿನ ಮೆಟ್ಟಿಲ ಮೇಲೆ ಮೂವತ್ತೊಂದು ಜನ ಕೂತು ಓದ್ತಾ ಇದ್ರು. ನಾನೇ ಎಣಿಸಿದೆ.'

ಇದರಲ್ಲಿ ಅಲಂಕಾರ ಏನೂ ಇಲ್ಲ. ಒಂದು ಹೊತ್ತು, ಒಂದು ಜಾಗ, ಒಂದು ಸಂಖ್ಯೆ, ಮತ್ತು ಅವಳು ಖುದ್ದಾಗಿ ಹೋಗಿ ನೋಡಿದ್ದಾಳೆ ಎಂಬುದು. ಕೇಳುಗರ ಕಣ್ಣ ಮುಂದೆ ಆ ಮೆಟ್ಟಿಲು ಬಂದು ನಿಲ್ಲುತ್ತದೆ. 'ವಿದ್ಯಾರ್ಥಿಗಳು ತೊಂದರೆ ಅನುಭವಿಸುತ್ತಿದ್ದಾರೆ' ಎಂದಿದ್ದರೆ ಏನೂ ಬರುತ್ತಿರಲಿಲ್ಲ.

ಹಂತ 3: ಬರೆದದ್ದನ್ನು ಆಡುಮಾತಿಗೆ ತಿರುಗಿಸಿ

ಕನ್ನಡದಲ್ಲಿ ಮಾತಾಡುವವರು ಇದನ್ನು ಗಮನವಿಟ್ಟು ಓದಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅಂದರೆ ವಾಕ್ಯ ಉದ್ದವಾದಷ್ಟೂ ಕೇಳುಗರು ಅಷ್ಟೂ ಸಾಮಾನನ್ನು ತಲೆಯ ಮೇಲೆ ಹೊತ್ತು ಕೊನೆಯ ಪದಕ್ಕಾಗಿ ಕಾಯಬೇಕು. ಓದುವವರಾದರೆ ಹಿಂದಕ್ಕೆ ಹೋಗಿ ನೋಡಿಕೊಳ್ಳಬಹುದು. ಕೇಳುವವರಿಗೆ ಆ ಅನುಕೂಲ ಇಲ್ಲ. ಈ ವಾಕ್ಯವನ್ನು ಜೋರಾಗಿ ಓದಿ:

'ಪರೀಕ್ಷೆಯ ಅವಧಿಯಲ್ಲಿ ಓದುವವರ ಸಂಖ್ಯೆ ಹೆಚ್ಚಾಗುವುದರಿಂದ ಹಾಗೂ ಹಾಸ್ಟೆಲ್ ಕೊಠಡಿಗಳಲ್ಲಿ ಅಧ್ಯಯನಕ್ಕೆ ಪೂರಕವಾದ ವಾತಾವರಣ ಇಲ್ಲದಿರುವ ಹಿನ್ನೆಲೆಯಲ್ಲಿ ಗ್ರಂಥಾಲಯದ ಸಮಯವನ್ನು ವಿಸ್ತರಿಸುವ ಬಗ್ಗೆ ಪರಿಗಣಿಸಬೇಕಾಗಿ ಕೋರುತ್ತೇವೆ.'

ಉಸಿರು ಸಾಲುವುದಿಲ್ಲ. ಈಗ ಇದನ್ನು ಓದಿ:

'ಹಾಸ್ಟೆಲ್ ರೂಮಲ್ಲಿ ನಾವು ನಾಲ್ಕು ಜನ ಇರ್ತೀವಿ. ಒಬ್ಬರು ಮಲಗ್ತೀನಿ ಅಂತ ಲೈಟ್ ಆರಿಸಿದ್ರೆ ಉಳಿದ ಮೂವರು ಓದೋ ಹಾಗಿಲ್ಲ. ಪರೀಕ್ಷೆ ತಿಂಗಳು ಇದು ದಿನಾ ಆಗುತ್ತೆ. ಅದಕ್ಕೇ ಕೇಳ್ತಿದ್ದೀವಿ, ಗ್ರಂಥಾಲಯ ಹತ್ತರ ತನಕ ತೆರೆದಿರಲಿ.'

ಪತ್ರದಲ್ಲಿ ಮೊದಲನೆಯದು ಇರಬಹುದು, ಬಾಯಲ್ಲಿ ಎರಡನೆಯದೇ ಇರಬೇಕು. ಸಭೆ ಗಂಭೀರವಾಗಿದ್ದರೆ 'ಇರುತ್ತೇವೆ, ಕೇಳುತ್ತಿದ್ದೇವೆ' ಎಂದು ಸ್ವಲ್ಪ ನೇರ್ಪುಮಾಡಿಕೊಳ್ಳಿ. ವಾಕ್ಯ ಮಾತ್ರ ಚಿಕ್ಕದಾಗಿಯೇ ಉಳಿಯಲಿ.

ಹಂತ 4: ಬಾಯಿಬಿಟ್ಟು ಅಭ್ಯಾಸ

ಕಣ್ಣಲ್ಲಿ ಓದಿಕೊಳ್ಳುವುದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ. ಮನಸ್ಸಿನೊಳಗೆ ನಾವೆಲ್ಲ ನಿರರ್ಗಳವಾಗಿ ಮಾತಾಡುತ್ತೇವೆ. ತೊಡರುವ ಪದ, ದಾಟಲಾಗದ ಜಾಗ, ಸಮಯ ಮೀರುವುದು ಇವೆಲ್ಲ ಗೊತ್ತಾಗುವುದು ದನಿ ಹೊರಟಾಗ ಮಾತ್ರ.

ಮೊದಲ ಸುತ್ತು ಒಬ್ಬರೇ ಇರುವಾಗ. ಬರೆದದ್ದನ್ನು ಮಡಚಿಟ್ಟು, ಒಂದು ಚಿಕ್ಕ ಕಾರ್ಡಿನಲ್ಲಿ ಏಳೆಂಟು ಪದಗಳನ್ನಷ್ಟೇ ಬರೆದುಕೊಳ್ಳಿ: ಮೆಟ್ಟಿಲು, 31 ಜನ, ಹಾಸ್ಟೆಲ್ ಲೈಟ್, ಸಿಬ್ಬಂದಿ, ಖರ್ಚು, ಒಂದು ತಿಂಗಳ ಪ್ರಯೋಗ, ಕೋರಿಕೆ. ಎದ್ದು ನಿಲ್ಲಿ. ಸಭೆಯಲ್ಲಿ ಮಾತಾಡುವಷ್ಟೇ ಜೋರಾಗಿ ಮಾತಾಡಿ. ಮೊದಲ ಸಲ ಕೆಟ್ಟದಾಗಿಯೇ ಬರುತ್ತದೆ. ನಿಲ್ಲಿಸಬೇಡಿ, ಮತ್ತೆ ಮೊದಲಿಗೆ ಹೋಗಬೇಡಿ. ತಪ್ಪಿದ ಕೂಡಲೇ ಮೊದಲಿಂದ ಶುರುಮಾಡುವವರ ಆರಂಭ ಇಪ್ಪತ್ತು ಸಲ ತಿದ್ದಿ ಹೊಳೆಯುತ್ತಿರುತ್ತದೆ, ಕೊನೆ ಒಂದು ಸಲವೂ ಬಾಯಿಗೆ ಬಂದಿರುವುದಿಲ್ಲ. ತಪ್ಪಾದರೂ ದಾಟಿಕೊಂಡು ಕೊನೆ ಮುಟ್ಟುವುದು ಬೇರೆಯದೇ ಕೌಶಲ, ವೇದಿಕೆಯಲ್ಲಿ ಬೇಕಾಗುವುದು ಅದೇ.

ಎರಡನೇ ಸುತ್ತಿಗೆ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ನೋಡಲು ಸಂಕೋಚವಾಗುತ್ತದೆ, ನನಗೆ ಈಗಲೂ ಆಗುತ್ತದೆ. ಆದರೂ ಎರಡು ಸಲ ನೋಡಿ. ಒಮ್ಮೆ ಫೋನ್ ಬೋರಲು ಮಲಗಿಸಿ ದನಿ ಮಾತ್ರ ಕೇಳಿ: ಎಲ್ಲಿ ಓಡಿದ್ದೀರಿ, ಎಲ್ಲಿ ಪದ ನುಂಗಿದ್ದೀರಿ, 'ಏನಂದ್ರೆ', 'ಆಮೇಲೆ', 'ಸೋ', 'ಆ...' ಎಷ್ಟು ಸಲ ಬಂತು ಎಂದು ಗೆರೆ ಹಾಕುತ್ತಾ ಎಣಿಸಿ. ಇನ್ನೊಮ್ಮೆ ದನಿ ಮುಚ್ಚಿ ಚಿತ್ರ ಮಾತ್ರ ನೋಡಿ: ಒಂದು ಕಾಲಿಂದ ಇನ್ನೊಂದಕ್ಕೆ ತೂಗಾಡುತ್ತಿದ್ದೀರಾ, ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದೀರಾ? ಒಂದು ಸಲಕ್ಕೆ ಒಂದೇ ದೋಷ ಆರಿಸಿ ತಿದ್ದಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಮಾತೇ ಮರಗಟ್ಟಿಬಿಡುತ್ತದೆ.

ಮೂರನೇ ಸುತ್ತಿಗೆ ಒಬ್ಬರನ್ನಾದರೂ ಎದುರು ಕೂರಿಸಿಕೊಳ್ಳಿ. ಮುಗಿಸಿದ ಮೇಲೆ 'ಹೇಗಿತ್ತು?' ಎಂದು ಕೇಳಬೇಡಿ. 'ಚೆನ್ನಾಗಿತ್ತು' ಎಂಬುದಕ್ಕಿಂತ ಬೇರೆ ಉತ್ತರ ಬರುವುದಿಲ್ಲ. 'ನಿನಗೆ ಏನು ನೆನಪುಳಿಯಿತು, ನಾನು ಏನು ಕೇಳಿದೆ?' ಎಂದು ವಿಚಾರಿಸಿ. ಅವರ ಬಾಯಿಂದ ನಿಮ್ಮ ಆ ಒಂದು ವಾಕ್ಯ ಬರದಿದ್ದರೆ ಮಾತಿನ ಕಟ್ಟಡವನ್ನೇ ತಿದ್ದಬೇಕು, ಹಾವಭಾವವನ್ನಲ್ಲ.

ಪೂರ್ತಿ ಬಾಯಿಪಾಠ ಮಾಡಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಮೊದಲ ನಿಮಿಷ ಮತ್ತು ಕೊನೆಯ ಎರಡು ವಾಕ್ಯ ಕಂಠಪಾಠವಾಗಿರಲಿ, ನಡುವಿನದು ಕಾರ್ಡಿನ ಪದಗಳಿಂದ ಹುಟ್ಟಲಿ. ಪೂರ್ತಿ ಉರು ಹೊಡೆದವರಿಗೆ ಒಂದು ಕೊಂಡಿ ಕಳಚಿದರೆ ಸರಪಳಿಯೇ ಬಿದ್ದುಹೋಗುತ್ತದೆ. 1904ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಯುವಕ ವಿನ್‌ಸ್ಟನ್ ಚರ್ಚಿಲ್‌ಗೆ ಆದದ್ದು ಇದೇ. ಬಾಯಿಪಾಠ ಮಾಡಿದ ಭಾಷಣದ ನಡುವೆ ಎಳೆ ತಪ್ಪಿ, ಮುಂದಿನ ಮಾತು ಸಿಗದೆ ಕುಳಿತುಬಿಟ್ಟರು. ಅಲ್ಲಿಂದ ಮುಂದೆ ಮುಖ್ಯ ಭಾಷಣಗಳಿಗೆ ಟಿಪ್ಪಣಿ ಹಿಡಿದುಕೊಂಡೇ ನಿಲ್ಲುತ್ತಿದ್ದರು.

ಆಶುವಾಗಿ ಹೊಮ್ಮಿದಂತೆ ಕಾಣುವ ಮಾತಿನ ಹಿಂದೆಯೂ ಪಳಗಿದ ನಾಲಿಗೆ ಇರುತ್ತದೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರೆದು ತಂದ ಪಠ್ಯವನ್ನು ಪಕ್ಕಕ್ಕಿಟ್ಟು ತಮ್ಮ ಕನಸಿನ ಮಾತು ಎತ್ತಿಕೊಂಡರು. ಆ ಭಾಗ ಅಂದಿನ ಹಾಳೆಯಲ್ಲಿ ಇರಲಿಲ್ಲ ನಿಜ, ಆದರೆ ಅದೇ ವರ್ಷ ಜೂನ್‌ನಲ್ಲಿ ಡೆಟ್ರಾಯ್ಟ್‌ನಲ್ಲಿ ಅದನ್ನು ಅವರು ಆಗಲೇ ಆಡಿದ್ದರು.

ಹತ್ತು ನಿಮಿಷದ ಮಾತಿಗೆ ಕನಿಷ್ಠ ಐದು ಸಲ, ಬೇರೆ ಬೇರೆ ದಿನಗಳಲ್ಲಿ. ಇದು ನನ್ನ ಅನುಭವದ ಲೆಕ್ಕ. ಒಂದೇ ರಾತ್ರಿ ಐದು ಸಲ ಮಾಡಿದರೆ ದನಿ ಕೆಡುತ್ತದೆ, ಮಾತು ಕೂರುವುದಿಲ್ಲ.

ಹಂತ 5: ಈಗ ಸ್ಲೈಡ್

ಇಷ್ಟು ಹೊತ್ತಿಗೆ ಯಾವುದಕ್ಕೆ ಚಿತ್ರ ಬೇಕು, ಯಾವುದಕ್ಕೆ ಬೇಡ ಎಂದು ನಿಮಗೇ ಗೊತ್ತಾಗಿರುತ್ತದೆ. ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ. ಅದಕ್ಕೂ ಮುಂಚೆ ಸಾವಿರಾರು ವರ್ಷ ಜನ ಅದಿಲ್ಲದೆಯೇ ಮಾತಾಡಿ ಒಪ್ಪಿಸಿದ್ದಾರೆ. ಆದ್ದರಿಂದ ಸ್ಲೈಡ್ ಬೇಡವೆನ್ನಿಸಿದರೆ ಬಿಟ್ಟುಬಿಡಿ.

ಬೇಕೆಂದಾದರೆ, ಒಂದು ಸ್ಲೈಡಿಗೆ ಒಂದೇ ಸಂಗತಿ. ತಲೆಬರಹ ಪೂರ್ಣ ವಾಕ್ಯವಾಗಿರಲಿ: 'ಹಾಜರಾತಿ ವಿವರ' ಬೇಡ, 'ಮುಚ್ಚುವ ಹೊತ್ತಿಗೇ ಅತಿ ಹೆಚ್ಚು ಜನ ಇರುತ್ತಾರೆ' ಎಂದಿರಲಿ. ಅಕ್ಷರ 28 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ, ಹಿನ್ನೆಲೆಗೂ ಅಕ್ಷರಕ್ಕೂ ಕಪ್ಪು ಬಿಳುಪಿನಷ್ಟು ಅಂತರವಿರಲಿ. ಕನ್ನಡ ಅಕ್ಷರಗಳಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಅಕ್ಷರ ಒಡೆದುಹೋಗುವುದುಂಟು, ಹಾಗಾಗಿ ಪಿಡಿಎಫ್ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳಿ.

ಚಿಕ್ಕ ಅಕ್ಷರದಲ್ಲಿ ಮುಖ್ಯ ವಿಷಯ ಹುಗಿದುಹೋದರೆ ಏನಾಗಬಹುದು ಎಂಬುದಕ್ಕೆ ಘೋರವಾದ ಉದಾಹರಣೆ ಇದೆ. 2003ರ ಫೆಬ್ರವರಿ 1ರಂದು ಕೊಲಂಬಿಯ ಬಾಹ್ಯಾಕಾಶ ನೌಕೆ ಒಡೆದು ಏಳು ಗಗನಯಾತ್ರಿಗಳು ತೀರಿಕೊಂಡರು. ಉಡಾವಣೆಯ ವೇಳೆ ಕಳಚಿದ ಫೋಮ್ ತುಂಡು ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಎಂಜಿನಿಯರುಗಳು ಅದರ ಬಗ್ಗೆ ಸ್ಲೈಡ್ ತೋರಿಸಿದ್ದರು. ಆ ಸ್ಲೈಡಿನ ತಲೆಬರಹ ಧೈರ್ಯ ತುಂಬುವ ಹಾಗಿತ್ತು. ಈ ಪೆಟ್ಟು ಅಲ್ಲಿಯವರೆಗೆ ಮಾಡಿದ್ದ ಪರೀಕ್ಷೆಗಳ ಮಿತಿಯನ್ನು ಬಹಳ ಮೀರಿದ್ದು ಎಂಬ ಎಚ್ಚರಿಕೆ ಕೆಳಗಿನ ಚಿಕ್ಕ ಸಾಲುಗಳಲ್ಲಿ ಅಡಗಿತ್ತು. ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನೇ ಎತ್ತಿ ತೋರಿಸಿ ಟೀಕಿಸಿತು.

ಸ್ಲೈಡ್ ಓದಬೇಡಿ, ಬೆನ್ನು ತೋರಿಸಬೇಡಿ. ನಡುವೆ ಎಲ್ಲರ ಕಣ್ಣು ನಿಮ್ಮ ಕಡೆ ಬೇಕೆನ್ನಿಸಿದಾಗ ಪವರ್‌ಪಾಯಿಂಟ್‌ನಲ್ಲಿ 'ಬಿ' ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ನೇರ ಅಲ್ಲಿಗೆ ಹೋಗಬಹುದು. ಪ್ರಶ್ನೋತ್ತರದಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಹಂತ 6: ದನಿ, ಮೌನ, ಕಣ್ಣು

ಮಾತಿನಲ್ಲಿ ಪದಗಳ ಪಾಲು 7 ಶೇಕಡಾ, ದನಿಯದ್ದು 38, ಮುಖಭಾವದ್ದು 55 ಎಂಬ ಲೆಕ್ಕವನ್ನು ತರಬೇತಿಗಳಲ್ಲಿ ಕೇಳಿರುತ್ತೀರಿ. ಅದನ್ನು ನಂಬಬೇಡಿ. ಆ ಲೆಕ್ಕ ಹುಟ್ಟಿದ್ದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳಿಂದ. ಅವು ಇಷ್ಟ, ಅನಿಷ್ಟದಂಥ ಭಾವನೆಗಳನ್ನು ಬಿಡಿ ಪದ, ದನಿ, ಮುಖಭಾವಗಳಿಂದ ಜನ ಹೇಗೆ ಗ್ರಹಿಸುತ್ತಾರೆ ಎಂಬುದಕ್ಕೆ ಮಾತ್ರ ಸಂಬಂಧಿಸಿದ್ದು. ಅದು ಎಲ್ಲ ಮಾತಿಗೂ ಅನ್ವಯಿಸುವುದಿಲ್ಲ ಎಂದು ಅವರೇ ಹೇಳಿದ್ದಾರೆ. ನೀವು ಏನು ಹೇಳುತ್ತೀರಿ ಎಂಬುದೇ ಮುಖ್ಯ. ದನಿ ಮತ್ತು ದೇಹ ಅದಕ್ಕೆ ಅಡ್ಡ ಬರದಿದ್ದರೆ ಸಾಕು.

ಕನ್ನಡದವರು ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು ವಾಕ್ಯದ ಕೊನೆ. ಉಸಿರು ಮುಗಿಯುತ್ತಾ ಬಂದ ಹಾಗೆ ದನಿ ಇಳಿಯುತ್ತದೆ, ನಮ್ಮಲ್ಲಿ ಅರ್ಥ ಕೂತಿರುವುದು ಅಲ್ಲೇ. 'ಖರ್ಚು ಹೆಚ್ಚಾಗುತ್ತದೆ', 'ಖರ್ಚು ಹೆಚ್ಚಾಗುವುದಿಲ್ಲ' ಇವೆರಡರಲ್ಲಿ ಬೇರೆಯಾಗಿರುವುದು ಬಾಲ ಮಾತ್ರ. ಆ 'ಇಲ್ಲ'ವನ್ನು ನುಂಗಿದರೆ ಹಿಂದಿನ ಸಾಲಿನವರು ತಮಗೆ ತೋಚಿದ್ದನ್ನು ಅರ್ಥಮಾಡಿಕೊಂಡು ಹೋಗುತ್ತಾರೆ. ಅಭ್ಯಾಸ ಮಾಡುವಾಗ ಪ್ರತಿ ವಾಕ್ಯದ ಕೊನೆಯ ಪದವನ್ನು ಬೇಕೆಂದೇ ಸ್ವಲ್ಪ ಎತ್ತಿ ಹೇಳಿ. ಒಂದು ವಾರದಲ್ಲಿ ರೂಢಿಯಾಗುತ್ತದೆ.

'ಆ...', 'ಏನಂದ್ರೆ' ಹೋಗಬೇಕಾದರೆ ಆ ಜಾಗದಲ್ಲಿ ಬಾಯಿ ಮುಚ್ಚಿ ಸುಮ್ಮನಿರುವುದನ್ನು ಕಲಿಯಬೇಕು. ಎರಡು ಸೆಕೆಂಡಿನ ಮೌನ ನಿಂತವರಿಗೆ ಯುಗದಂತೆ ಅನ್ನಿಸುತ್ತದೆ, ಕೂತವರಿಗೆ ಅದು ಯೋಚಿಸಲು ಸಿಕ್ಕ ಬಿಡುವು. ಮುಖ್ಯ ಸಂಖ್ಯೆ ಹೇಳಿದ ಮೇಲೆ ಹೀಗೆ ನಿಲ್ಲಿ. 'ಮೂವತ್ತೊಂದು ಜನ.' ನಿಲ್ಲಿ. ಆಮೇಲೆ ಮುಂದಕ್ಕೆ.

ಕಣ್ಣನ್ನು ಇಡೀ ಸಭೆಯ ಮೇಲೆ ಸರಸರ ಓಡಿಸಬೇಡಿ. ಒಂದು ವಾಕ್ಯ ಒಬ್ಬರಿಗೆ ಹೇಳಿ ಮುಗಿಸಿ, ಮುಂದಿನದನ್ನು ಇನ್ನೊಂದು ಮೂಲೆಯವರಿಗೆ. ಕೈಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ಹಿಡಿಯಲು ಏನೂ ಇಲ್ಲದಿದ್ದರೆ ಅವು ತಾವಾಗಿಯೇ ಮಾತಿನ ಜೊತೆ ಓಡಾಡುತ್ತವೆ.

ಆನ್‌ಲೈನ್ ಆದರೆ ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ, ಬೆಳಕು ಮುಖದ ಎದುರಿಂದ. ಮುಖ್ಯ ವಾಕ್ಯ ಹೇಳುವಾಗ ಪರದೆಯ ಮೇಲಿನ ಮುಖಗಳನ್ನು ಬಿಟ್ಟು ಕ್ಯಾಮೆರಾದ ಕಣ್ಣನ್ನೇ ನೋಡಿ.

ಹಂತ 7: ಆ ದಿನ

ಅರ್ಧ ಗಂಟೆಯಾದರೂ ಮುಂಚೆ ಹೋಗಿ. ಲ್ಯಾಪ್‌ಟಾಪ್ ಜೋಡಿಸಿ, ಎಲ್ಲ ಸ್ಲೈಡುಗಳನ್ನೂ ಒಮ್ಮೆ ದಾಟಿಸಿ ನೋಡಿ. ಹಿಂದಿನ ಸಾಲಿನಲ್ಲಿ ಕೂತು ಪರದೆ ಓದಲು ಬರುತ್ತದೆಯೇ ಪರೀಕ್ಷಿಸಿ. ಮೈಕ್ ಊದಿ ಅಥವಾ ತಟ್ಟಿ ನೋಡುವ ಬದಲು ನಿಮ್ಮ ಮೊದಲ ವಾಕ್ಯವನ್ನೇ ಹೇಳಿ ನೋಡಿ. ಮೈಕ್ ಹಿಡಿದು ಸ್ಪೀಕರಿನ ಎದುರಿಗೆ ಹೋದರೆ ಕೀರಲು ಸದ್ದು ಬರುತ್ತದೆ, ಅದರ ಹಿಂದೆ ನಿಲ್ಲುವಂತೆ ಜಾಗ ಗೊತ್ತುಮಾಡಿಕೊಳ್ಳಿ.

ಹೆಸರು ಕರೆದಾಗ ನಡೆಯುತ್ತಲೇ ಮಾತು ಶುರುಮಾಡಬೇಡಿ. ಹೋಗಿ, ನಿಂತು, ಒಂದು ಉಸಿರು ಬಿಟ್ಟು, ಯಾರನ್ನಾದರೂ ನೋಡಿ, ಆಮೇಲೆ ಬಾಯಿ ತೆರೆಯಿರಿ.

ನಡುವೆ ಮರೆತುಹೋದರೆ? ಹೇಳಿದ ಕೊನೆಯ ಅಂಶವನ್ನೇ ಬೇರೆ ಮಾತಿನಲ್ಲಿ ಮತ್ತೊಮ್ಮೆ ಹೇಳಿ, ಅಷ್ಟರಲ್ಲಿ ಕಾರ್ಡ್ ನೋಡಿಕೊಳ್ಳಿ. ಕಾರ್ಡ್ ನೋಡುವುದಕ್ಕೆ ಕ್ಷಮೆ ಕೇಳಬೇಕಿಲ್ಲ. ಒಮ್ಮೆ ನಾನು ಮಾತಾಡುತ್ತಿದ್ದಾಗ ಪ್ರೊಜೆಕ್ಟರ್ ನಿಂತುಹೋಯಿತು. ಸರಿಮಾಡಲು ಬಗ್ಗಿ ಆರೇಳು ನಿಮಿಷ ಕಳೆದೆ, ತಲೆಯೆತ್ತಿದಾಗ ಸಭೆ ಕೈತಪ್ಪಿಹೋಗಿತ್ತು. ಈಗಾದರೆ ಅರ್ಧ ನಿಮಿಷ ನೋಡುತ್ತೇನೆ, ಬರದಿದ್ದರೆ ಸ್ಲೈಡ್ ಇಲ್ಲದೆ ಮುಂದುವರಿಸುತ್ತೇನೆ. ಸ್ಲೈಡ್ ಇಲ್ಲದೆ ಒಂದು ಸಲ ಅಭ್ಯಾಸ ಮಾಡಿಟ್ಟುಕೊಂಡರೆ ಮಾತ್ರ ಈ ಧೈರ್ಯ ಬರುತ್ತದೆ.

ಹಂತ 8: ಪ್ರಶ್ನೆಗಳು

ಯಾರೂ ಕೇಳದಿದ್ದರೆ ಸಾಕು ಎಂದು ನೀವು ಅಂದುಕೊಳ್ಳುವ ಹತ್ತು ಪ್ರಶ್ನೆಗಳನ್ನು ಮೊದಲೇ ಬರೆದು, ಉತ್ತರವನ್ನು ಬಾಯಿಬಿಟ್ಟು ಹೇಳಿ ನೋಡಿ. ನಮ್ಮ ವಿದ್ಯಾರ್ಥಿನಿಗೆ ಖಂಡಿತ ಬರುವ ಪ್ರಶ್ನೆ: 'ಎರಡು ಗಂಟೆ ಹೆಚ್ಚು ಕೂರುವ ಸಿಬ್ಬಂದಿಗೆ ಯಾರು ಹೊಣೆ?' ಇದಕ್ಕೆ ಅವಳ ಬಳಿ ಉತ್ತರವಿದ್ದರೆ ಅರ್ಧ ಗೆದ್ದ ಹಾಗೆ.

ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳಿ. ಎಲ್ಲರಿಗೂ ಕೇಳುವಂತೆ ಚಿಕ್ಕದಾಗಿ ಮತ್ತೊಮ್ಮೆ ಹೇಳಿ. ಉತ್ತರ ಎರಡು ಮೂರು ವಾಕ್ಯದಲ್ಲಿ ಇರಲಿ. ತಿಳಿಯದಿದ್ದರೆ 'ಈಗ ನನ್ನ ಬಳಿ ಆ ಲೆಕ್ಕ ಇಲ್ಲ, ಸೋಮವಾರದೊಳಗೆ ತಂದುಕೊಡುತ್ತೇನೆ' ಎನ್ನಿ, ಸೋಮವಾರ ತಂದುಕೊಡಿ. ಊಹೆ ಕಟ್ಟಿ ಹೇಳಿದ ಒಂದು ಸಂಖ್ಯೆ ಸುಳ್ಳೆಂದು ತಿಳಿದರೆ ಮೆಟ್ಟಿಲ ಮೇಲಿನ ಆ ಮೂವತ್ತೊಂದು ಜನರನ್ನೂ ಯಾರೂ ನಂಬುವುದಿಲ್ಲ. ಪ್ರಶ್ನೆ ಮುಗಿದ ಮೇಲೆ ಸಭೆಯನ್ನು ಹಾಗೇ ಚದುರಲು ಬಿಡದೆ, ನೀವು ಮೊದಲೇ ಬರೆದಿಟ್ಟ ಆ ಕೊನೆಯ ವಾಕ್ಯ ಹೇಳಿ ಕುಳಿತುಕೊಳ್ಳಿ.

ಮುಂದಿನ ಮಾತಿಗೆ

ಅಭ್ಯಾಸಕ್ಕೆ ಸಭೆಗಳು ಬೇಕು. ಟೋಸ್ಟ್‌ಮಾಸ್ಟರ್ಸ್ ಕೂಟಗಳು ಇದಕ್ಕೆಂದೇ ಇವೆ. 1924ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರಾಲ್ಫ್ ಸ್ಮೆಡ್ಲಿ ಶುರುಮಾಡಿದ ಸಂಸ್ಥೆ ಅದು. ಅಲ್ಲಿ ಸಾಮಾನ್ಯವಾಗಿ ಐದರಿಂದ ಏಳು ನಿಮಿಷದ ಭಾಷಣ, ಒಂದೆರಡು ನಿಮಿಷದ ಆಶುಮಾತು ಇರುತ್ತವೆ. ಒಬ್ಬರು ಸಮಯ ನೋಡುತ್ತಾರೆ, ಇನ್ನೊಬ್ಬರು ನಿಮ್ಮ 'ಆ...'ಗಳನ್ನು ಎಣಿಸುತ್ತಾರೆ. ಅಂಥ ಕೂಟ ಹತ್ತಿರದಲ್ಲಿ ಇಲ್ಲದಿದ್ದರೆ ನಾಲ್ಕು ಗೆಳೆಯರು ವಾರಕ್ಕೊಮ್ಮೆ ಸೇರಿ, ಚೀಟಿ ಎತ್ತಿ, ಬಂದ ವಿಷಯದ ಮೇಲೆ ಎರಡೆರಡು ನಿಮಿಷ ಎದ್ದು ನಿಂತು ಮಾತಾಡಿ. ಎಣಿಸುವ ಕೆಲಸ ಸರದಿಯಂತೆ ಬರಲಿ.

ಪ್ರತಿ ಸಲ ಮಾತಾಡಿದ ದಿನವೇ, ನೆನಪು ಹಸಿಯಾಗಿರುವಾಗ, ಆ ಕಾರ್ಡಿನ ಹಿಂದೆ ಮೂರು ಸಾಲು ಬರೆದಿಡಿ: ಎಲ್ಲಿ ಜನ ತಲೆಯೆತ್ತಿ ನೋಡಿದರು, ಎಲ್ಲಿ ಫೋನ್ ತೆಗೆದರು, ಮುಂದಿನ ಸಲ ಯಾವ ಭಾಗ ಕಡಿಯಬೇಕು. ಕಾರ್ಡನ್ನು ಬಿಸಾಡಬೇಡಿ. ಮುಂದಿನ ಮಾತಿನ ತಯಾರಿಗೆ ಕೂತಾಗ ಮೊದಲು ಅದನ್ನು ತೆಗೆದು ಓದಿ.